ಪರದೆ ನಮಗೆ, ಮೌಸು ಯಾರಿಗೆ?



ನಿಮ್ಮ ಆರ್‌ಟಿಸಿಯ 11ನೇ ಕಲಮಿನಲ್ಲಿ ಏನು ಬರೆದಿದೆ? ಈ ಪತ್ರಿಕೆಯನ್ನು ಒಂದು ಗಳಿಗೆ ಕೆಳಗಿಟ್ಟು ಹೇಳಿ ನೋಡುವಾ. ಪುತ್ತೂರು, ಸುಳ್ಯ, ಕಡಬದ ಹಲವು ಮನೆಗಳ ಜಗಲಿಯಲ್ಲಿ ಕೂತು ನಾನು ಇದೇ ಪ್ರಶ್ನೆ ಕೇಳಿದ್ದೇನೆ. 9ನೇ ಕಲಮಿನಲ್ಲಿ ಹಕ್ಕುದಾರನ ಹೆಸರು ಇರುತ್ತದೆ, ಅದು ಎಲ್ಲರಿಗೂ ಗೊತ್ತುಂಟು. 12ರಲ್ಲಿ ಬೆಳೆ ಇರುತ್ತದೆ, ಅದು ಕೆಲವರಿಗೆ ಗೊತ್ತುಂಟು. 11ರಲ್ಲಿ ಋಣ ಕೂತಿರುತ್ತದೆ ಎಂಬುದು ಸಾಲ ತಂದವನಿಗೇ ಸರಿಯಾಗಿ ಗೊತ್ತಿಲ್ಲ!

ಬೇರೆಯವರನ್ನು ದೂರುವುದಿಲ್ಲ. ನನಗೂ ಗೊತ್ತಿರಲಿಲ್ಲ. 2017ರಲ್ಲಿ ಒಂದು ಬ್ಯಾಂಕಿನ ಸಾಲವನ್ನು ಅಡಿಕೆ ಮಾರಿ ಪೂರ್ತಿ ತೀರಿಸಿದೆ. ರಸೀದಿ ತಂದು ಪೆಟ್ಟಿಗೆಯಲ್ಲಿಟ್ಟೆ. ಐದು ವರ್ಷ ಕಳೆದು ಅಣ್ಣತಮ್ಮಂದಿರ ಪಾಲಿನ ಮಾತು ಬಂದಾಗ ನೋಡುತ್ತೇವೆ, ಆ ಸಾಲದ ಭಾರ 11ನೇ ಕಲಮಿನಲ್ಲಿ ಹಾಗೆಯೇ ಕೂತಿದೆ. ತೆಗೆಸಲಿಕ್ಕೆ ನಾಲ್ಕು ತಿಂಗಳು ಓಡಾಡಿದೆ. ಬ್ಯಾಂಕಿನವರು ಆ ಕಚೇರಿಗೆ ಹೋಗಿ ಅಂದರು, ಆ ಕಚೇರಿಯವರು ಬ್ಯಾಂಕಿಗೆ ಹೋಗಿ ಅಂದರು. ಪಾಲುಪತ್ರ ಆ ಮಳೆಗಾಲ ಆಗಲೇ ಇಲ್ಲ. ಅಣ್ಣ ನನ್ನ ಮೇಲೆಯೇ ಸಂಶಯಪಟ್ಟ, "ನೀನು ಸಾಲ ಕಟ್ಟಿಯೇ ಇಲ್ಲವೋ ಏನೋ" ಅಂದ. ಸಿಟ್ಟು ಬಂದದ್ದು ಅದಕ್ಕಲ್ಲ. ಐದು ವರ್ಷ ಆ ಸಾಲು ಸರಕಾರದ ಜಾಲತಾಣದಲ್ಲಿ ಊರಿಗೆಲ್ಲ ಕಾಣುವ ಹಾಗೆ ಇತ್ತು. ನೋಡಲಿಕ್ಕೆ ಒಂದು ಪೈಸೆ ಖರ್ಚಿಲ್ಲ. ಕಾಣದೆ ಇದ್ದದ್ದು ಜಾಗದ ಯಜಮಾನನಿಗೆ ಮಾತ್ರ. ಯಾಕೆಂದರೆ ಅವನಿಗೆ ಕಂಪ್ಯೂಟರ್ ಮುಂದೆ ಕೂರಲಿಕ್ಕೆ ಬರುವುದಿಲ್ಲ.

ನಮ್ಮ ಭೂಮಿ ಕಂಪ್ಯೂಟರಿನ ಒಳಗೆ ಹೋದದ್ದು ನಿನ್ನೆ ಮೊನ್ನೆ ಅಲ್ಲ. ಕಾಲು ಶತಮಾನ ಆಯಿತು. ಸುಮಾರು ಒಂಬತ್ತು ಸಾವಿರ ಗ್ರಾಮಕರಣಿಕರ ಕಪಾಟಿನಲ್ಲಿದ್ದ ಪಹಣಿಗಳನ್ನು ಸರಕಾರ 'ಭೂಮಿ' ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸಿತು. 2001ರ ಹೊತ್ತಿಗೆ ರಾಜ್ಯದ ಎರಡು ಕೋಟಿ ಪಹಣಿಗಳು ತಾಲೂಕು ಕಚೇರಿಯ ಪೆಟ್ಟಿಗೆಯೊಳಗೆ ಬಂದವು. ಕಡಬ ಆಗ ತಾಲೂಕೇ ಆಗಿರಲಿಲ್ಲ, ಅಲ್ಲಿಯವರೂ ಪುತ್ತೂರಿಗೇ ಬಸ್ಸು ಹತ್ತಬೇಕಿತ್ತು. 15 ರೂಪಾಯಿ ಕೊಟ್ಟರೆ ಅಚ್ಚು ಹೊಡೆದ ಪ್ರತಿ. ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದಾಯಿತು. ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು. ಕರಣಿಕರು ಎಲ್ಲಿದ್ದಾರೆ ಎಂದು ಹುಡುಕುವ ಕೆಲಸ ತಪ್ಪಿತು, ಕೈಬಿಸಿ ಮಾಡುವುದೂ ಕಡಿಮೆಯಾಯಿತು.

ಆ ಯೋಜನೆಯಲ್ಲಿ ಒಂದು ಏರ್ಪಾಡು ಇತ್ತು, ಗಮನಿಸಿ. ಕೌಂಟರಿನಲ್ಲಿ ಎರಡು ಪರದೆ. ಒಂದು ನೌಕರನ ಕಡೆಗೆ, ಇನ್ನೊಂದು ರೈತನ ಕಡೆಗೆ. ನೌಕರ ಏನು ಒತ್ತುತ್ತಾನೆ ಎಂದು ರೈತ ನೋಡಬೇಕು, ಮೋಸ ಆಗಬಾರದು ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದವರು ಮೌಸನ್ನು ಅವರ ಕಡೆಗೇ ಇಟ್ಟುಕೊಂಡರು. ಇಪ್ಪತ್ತೈದು ವರ್ಷದಿಂದ ನಾವು ಯಕ್ಷಗಾನ ನೋಡಿದ ಹಾಗೆ ಪರದೆ ನೋಡುತ್ತಲೇ ಇದ್ದೇವೆ. ವೇಷ ಬೇರೆಯವರದ್ದು, ಭಾಗವತಿಕೆಯೂ ಬೇರೆಯವರದ್ದು, ಮನೆ ಮಾತ್ರ ನಮ್ಮದು!

ಈಗ ಆ ಕೌಂಟರು ಪೇಟೆಯ ಪ್ರತಿ ಜೆರಾಕ್ಸ್ ಅಂಗಡಿಗೂ ಬಂದಿದೆ. ಫ್ರೂಟ್ಸ್ ಗುರುತಿನ ಸಂಖ್ಯೆ, ಬೆಳೆ ವಿಮೆ, ಪಿಎಂ ಕಿಸಾನ್, ಆರ್‌ಟಿಸಿಗೆ ಆಧಾರ್ ಜೋಡಣೆ ಎಂದು ಒಂದೊಂದಕ್ಕೂ ಸಾಲು. "ಅಂಕಲ್, ಓಟಿಪಿ ಬಂತಾ ಹೇಳಿ" ಅನ್ನುತ್ತಾನೆ ಹುಡುಗ. ನಾವು ಹೇಳುತ್ತೇವೆ. ಏನು ತುಂಬಿದ, ಯಾವ ಸರ್ವೆ ನಂಬ್ರ ಹಾಕಿದ, ಬ್ಯಾಂಕಿನ ಖಾತೆಯ ಸಂಖ್ಯೆ ಸರಿ ಉಂಟಾ ಎಂದು ನೋಡುವ ಮೊದಲೇ ಪರದೆ ಬದಲಾಗಿರುತ್ತದೆ. ಅವನನ್ನು ಬೈದು ಪ್ರಯೋಜನ ಇಲ್ಲ, ಹಿಂದೆ ಇಪ್ಪತ್ತು ಜನ ನಿಂತಿರುತ್ತಾರೆ. ತಪ್ಪು ಬಿದ್ದರೆ ನಷ್ಟ ಯಾರಿಗೆ? ಅಡಿಕೆಯ ಹವಾಮಾನ ಆಧಾರಿತ ವಿಮೆಗೆ ಅರ್ಜಿ ಕೊಟ್ಟು ಕಂತು ಕಟ್ಟಿದವನ ಜಾಗದಲ್ಲಿ ಬೆಳೆ ಸಮೀಕ್ಷೆಯವರು ಅಡಿಕೆ ತೋಟವನ್ನು ಬೇರೆ ಏನೋ ಎಂದು ದಾಖಲಿಸಿದರೆ ಎರಡಕ್ಕೂ ತಾಳೆಯಾಗುವುದಿಲ್ಲ. ಆಕ್ಷೇಪಣೆಗೆ ಗಡುವು ಇರುತ್ತದೆ. ಆ ಗಡುವಿನೊಳಗೆ ತೆರೆದು ನೋಡಿದವನು ಉಳಿದ. ಪರಿಹಾರ ಪಕ್ಕದ ಮನೆಗೆ ಬಂತು ನನಗೆ ಬರಲಿಲ್ಲ ಎಂದು ಸೊಸೈಟಿಯ ಮೆಟ್ಟಲಲ್ಲಿ ನಿಂತು ಬೊಬ್ಬೆ ಹೊಡೆಯುವವನಿಗೆ ಯಾರು ಏನು ಮಾಡಬಹುದು?

ಹಳಬರಿಗೆ ಒಂದು ನೆನಪು ಮಾಡುತ್ತೇನೆ. 1974ರ ಭೂಸುಧಾರಣೆಯ ತಿದ್ದುಪಡಿ ಬಂದಾಗ ನಮ್ಮ ಜಿಲ್ಲೆಯ ಗೇಣಿದಾರರು 'ಡಿಕ್ಲರೇಶನ್' ಕೊಟ್ಟರಲ್ಲ, ನಮೂನೆ 7? ನಾನು ಆಗ ಮಗು, ತಂದೆಯವರು ಹೇಳಿ ಕೇಳಿದ್ದು. ಗಡುವು ಮುಂದೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ಮುಗಿಯಿತು. ಅಷ್ಟರೊಳಗೆ ಒಂದು ಹಾಳೆ ಕಾಗದವನ್ನು ಸರಿಯಾಗಿ ತುಂಬಿಸಿ ಕೊಟ್ಟವರು ಜಾಗಕ್ಕೆ ಒಡೆಯರಾದರು. ನಲ್ವತ್ತು ವರ್ಷ ಉತ್ತು ಬೆಳೆದವನು ಕಾಗದ ಕೊಡದಿದ್ದರೆ ಕೊನೆಗೂ ಒಕ್ಕಲಾಗಿಯೇ ಉಳಿದ. ಆವತ್ತು ಅಕ್ಷರ ಬಾರದವನು ಕಳೆದುಕೊಂಡ. ಅದಕ್ಕೇ ಅಲ್ಲವೇ ನಮ್ಮ ಅಪ್ಪಂದಿರು ಹೊಟ್ಟೆ ಕಟ್ಟಿ ನಮ್ಮನ್ನು ಹೈಸ್ಕೂಲಿಗೆ ಕಳಿಸಿದ್ದು? ಅಜ್ಜ ಹೆಬ್ಬೆಟ್ಟು ಒತ್ತಿದ, ಅಪ್ಪ ತಡವರಿಸಿ ಸಹಿ ಹಾಕಿದ, ನಾನು ಓದಿ ಸಹಿ ಹಾಕಿದೆ. ಈಗ ನನ್ನನ್ನೇ ಮತ್ತೆ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿ ಕಳಿಸುತ್ತಾರೆ!

ಸರಕಾರ ಕಲಿಸಲಿಲ್ಲವೇ ಎಂದು ಕೇಳುವಿರಿ. ಕಲಿಸಿತು, ಲೆಕ್ಕದಲ್ಲಿ. 2017ರಲ್ಲಿ ಕೇಂದ್ರ ಸರಕಾರ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಎಂದು ಮಾಡಿ 2,351 ಕೋಟಿ ರೂಪಾಯಿ ಇಟ್ಟಿತು. ಗುರಿ ಆರು ಕೋಟಿ ಮನೆ, ಮನೆಗೆ ಒಬ್ಬರು, 20 ಗಂಟೆಯ ಪಾಠ. 2024ರ ಮಾರ್ಚ್ 31ಕ್ಕೆ ಅದು ಮುಗಿದೂ ಹೋಯಿತು. 4.78 ಕೋಟಿ ಜನ ಪ್ರಮಾಣಪತ್ರ ಪಡೆದರಂತೆ. ನಿಮ್ಮ ಬೈಲಿನಲ್ಲಿ ಎಷ್ಟು ಜನ ಎಂದು ನೀವೇ ಲೆಕ್ಕ ಹಾಕಿ. ಅದರ ನಿಯಮದಲ್ಲಿ ವಯಸ್ಸು 14ರಿಂದ 60. ಯಾರ ಹೆಸರು 9ನೇ ಕಲಮಿನಲ್ಲಿ ಉಂಟೋ ಅವನಿಗೆ 65, 70. ಮಕ್ಕಳು ಬೆಂಗಳೂರಿನಲ್ಲಿ. ಜಾಗದ ಯಜಮಾನನನ್ನೇ ಬಾಗಿಲ ಹೊರಗಿಟ್ಟು ಸಾಕ್ಷರತೆ! ಇನ್ನೊಂದು ವಿಷಯ, ತರಬೇತಿ ಕೇಂದ್ರಕ್ಕೆ ಹಣ ಸಿಗುತ್ತಿದ್ದದ್ದು ಪ್ರಮಾಣಪತ್ರ ಪಡೆದ ತಲೆಯೊಂದಕ್ಕೆ 300 ರೂಪಾಯಿಯಂತೆ. ಕಲಿತನೋ ಇಲ್ಲವೋ ಎಂದು ಆರು ತಿಂಗಳು ಬಿಟ್ಟು ನೋಡಿದವರಿಗಲ್ಲ, ಪರೀಕ್ಷೆ ದಾಟಿಸಿದವರಿಗೆ. ಹೀಗೆ ಕೊಟ್ಟರೆ ಯಾವ ಬೆಳೆ ಬರುತ್ತದೆ ಎಂದು ಕೃಷಿಕರಿಗೆ ಬೇರೆ ಹೇಳಬೇಕಾಗಿಲ್ಲ.

2022ರಲ್ಲಿ ಮತ್ತೊಂದು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ. ಲೆಡ್ಜರು ಕಂಪ್ಯೂಟರಿಗೆ ಹೋಗಲಿ, ಬೇಡ ಅನ್ನುವುದಿಲ್ಲ. ಲೆಡ್ಜರನ್ನು ತೆರೆದು ತನ್ನ ಪುಟ ಓದಲಿಕ್ಕೆ ಸದಸ್ಯನಿಗೆ ಯಾರು ಕಲಿಸುತ್ತಾರೆ?

ನಾವೇ ಕಲಿಯಬೇಕು, ನಾವೇ ಕಲಿಸಬೇಕು. ಅಡಿಕೆ ಧಾರಣೆ ನೆಲ ಕಚ್ಚಿದಾಗ ಯಾರೋ ಬಂದು ಎತ್ತುತ್ತಾರೆ ಎಂದು ಕಾದದ್ದಲ್ಲ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಬೆಳೆಗಾರರೇ ಸೇರಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಅದರ ಎದುರು ಒಂದು ಕಂಪ್ಯೂಟರ್ ಕಲಿಯುವುದು ಎಷ್ಟು ದೊಡ್ಡ ಕೆಲಸ?

ನಮ್ಮೂರಿನಲ್ಲಿ ಕಳೆದ ಆಟಿಯಲ್ಲಿ ಮಾಡಿ ನೋಡಿದೆವು. ಮಳೆ ಹೊಡೆಯುವಾಗ ಮದ್ದು ಬಿಡಲಿಕ್ಕೂ ಆಗುವುದಿಲ್ಲ, ಮನೆಯಲ್ಲಿ ಕೂತು ಕೊಳೆರೋಗದ ಚಿಂತೆ ಮಾಡುವ ಬದಲು ಹಾಲಿನ ಸೊಸೈಟಿಯ ಹಿಂದಿನ ಕೋಣೆಯಲ್ಲಿ ಸೇರಿದೆವು. ಒಂದು ಹಳೆಯ ಕಂಪ್ಯೂಟರ್, ಏಳು ಜನ. ಅದರಲ್ಲಿ ಇಬ್ಬರು ಹೆಂಗಸರು. ಎಲ್ಲರಿಗಿಂತ ಹಿರಿಯರಿಗೆ 72. ಕಲಿಸಲಿಕ್ಕೆ ನನ್ನ ತಂಗಿಯ ಮಗ, ಡಿಪ್ಲೊಮಾ ಮಾಡಿದವ.

ಮೊದಲ ಎರಡು ದಿನ ಏನೂ ಆಗಲಿಲ್ಲ. ಕಾರಣ ಸಣ್ಣದು. ನಾವು ತಡವರಿಸಿದ ಕೂಡಲೇ ಅಳಿಯ, "ಮಾವ, ಬಿಡಿ, ನಾನೇ ಮಾಡ್ತೇನೆ" ಎಂದು ಮೌಸು ಎಳೆದುಕೊಳ್ಳುತ್ತಿದ್ದ. ಎರಡು ನಿಮಿಷದಲ್ಲಿ ಕೆಲಸ ಆಗುತ್ತಿತ್ತು, ನಮ್ಮ ತಲೆಗೆ ಏನೂ ಹೋಗುತ್ತಿರಲಿಲ್ಲ. ಮತ್ತೆ ಅದೇ ಜೆರಾಕ್ಸ್ ಅಂಗಡಿ! ಮೂರನೇ ದಿನ ಒಂದು ಕಟ್ಟಳೆ ಮಾಡಿದೆವು. ಕಲಿಸುವವನು ಕೈ ಹಿಂದೆ ಕಟ್ಟಿ ನಿಲ್ಲಬೇಕು, ಬಾಯಲ್ಲಿ ಮಾತ್ರ ಹೇಳಬೇಕು. ಅಂದಿನಿಂದ ಪಾಠ ಮುಂದೆ ಹೋಯಿತು.

ಅಡಿಕೆ ಸುಲಿದ ಕೈಗೆ ಮೌಸು ಹಿಡಿಯುವುದು ಕಷ್ಟವೇ. ಗಟ್ಟಿಯಾಗಿ ಹಿಡಿಯುತ್ತೇವೆ. ಎರಡು ಸಲ ಟಕ್ ಟಕ್ ಒತ್ತುವಾಗ ನಡುವೆ ಕೈ ಅಲುಗುತ್ತದೆ, ಕಡತ ತೆರೆಯುವುದಿಲ್ಲ. ಹಾಗಾಗುವವರು ಒಮ್ಮೆ ಒತ್ತಿ ಎಂಟರ್ ಕೀಲಿ ಒತ್ತಿದರೂ ಆಗುತ್ತದೆ ಎಂದು ಗೊತ್ತಾದ ದಿನ 72ರ ಅಜ್ಜ ಮಗುವಿನ ಹಾಗೆ ನಕ್ಕರು. ಕರೆಂಟು ಒಂದು ದಿನ ಅರ್ಧ ಅರ್ಜಿ ಬರೆದಾಗಲೇ ಹೋಯಿತು. ಸುಳ್ಯ ಕಡೆಯ ಮಳೆಗಾಲದ ಕರೆಂಟು ನಿಮಗೆ ಗೊತ್ತಲ್ಲ. ಬರೆದದ್ದೆಲ್ಲ ಮಾಯ. ಮರುದಿನದಿಂದ ಎರಡು ಸಾಲಿಗೊಮ್ಮೆ ಸೇವ್ ಮಾಡಲಿಕ್ಕೆ ಯಾರೂ ಹೇಳಬೇಕಾಗಲಿಲ್ಲ.

ಕನ್ನಡ ಬರೆಯುವುದು ಹೇಗೆ ಎಂದು ಹೆದರಿದ್ದೆವು. ಅದು ಎಲ್ಲಕ್ಕಿಂತ ಸುಲಭ. ಸರಕಾರ ಒಪ್ಪಿದ ಕನ್ನಡದ ಕೀಲಿಮಣೆಯ ಮೂಲ ನಮ್ಮ ಜಿಲ್ಲೆಯವರದ್ದೇ, ಕಿನ್ನಿಕಂಬಳದ ಕೆ.ಪಿ. ರಾವ್ ಅವರದ್ದು. ನುಡಿ ತಂತ್ರಾಂಶದಲ್ಲಿ ಇರುವುದು ಅದೇ. ಅದನ್ನು ಊರ ಹೆಸರಿನಿಂದ ಕಲಿತೆವು. ಕಡಬ ಎಂದು ಬರೆಯಲು ಮೂರೇ ಕೀಲಿ, ಕೆ, ಡಬ್ಲ್ಯೂ, ಬಿ. ಅಡಿಕೆಗೆ ಐದು, ಎ, ಡಬ್ಲ್ಯೂ, ಐ, ಕೆ, ಇ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಒತ್ತಬೇಕು. ಅದು ಬಂದ ಮೇಲೆ ಪುತ್ತೂರೂ ಬಂತು, ಸುಳ್ಯವೂ ಬಂತು. ನಮ್ಮಲ್ಲಿ ಒಬ್ಬರು ಅಕ್ಕನ ಗಂಡ ತೀರಿ ಆರು ವರ್ಷ. 9ನೇ ಕಲಮಿನಲ್ಲಿ ಇನ್ನೂ ಅವರ ಹೆಸರೇ. ಪೌತಿ ಖಾತೆಗೆ ಅರ್ಜಿಯನ್ನು ಆ ಅಕ್ಕ ತಾವೇ ಟೈಪು ಮಾಡಿದರು, ಒಂದು ಪುಟಕ್ಕೆ ಎರಡು ಸಂಜೆ ಹಿಡಿಯಿತು. ಅರ್ಜಿ ಬರೆಸಿದ ಹಣ ಉಳಿಯಿತು ಎಂಬುದು ದೊಡ್ಡ ಮಾತಲ್ಲ. ಕಚೇರಿಯಲ್ಲಿ "ಇದರಲ್ಲಿ ಏನು ಬರೆದಿದ್ದೀರಿ?" ಎಂದು ಕೇಳಿದಾಗ ಅವರಿಗೆ ಉತ್ತರ ಗೊತ್ತಿತ್ತು.

ಕೊನೆಯ ವಾರ ಲೆಕ್ಕದ ಹಾಳೆ, ಎಕ್ಸೆಲ್ ಅನ್ನುತ್ತಾರೆ. ಸಾಲದ ಮೊತ್ತ, ತಂದ ದಿನ, ಕಟ್ಟಿದ ದಿನ, ಬಡ್ಡಿಯ ದರ ಹಾಕಿದರೆ ಬಡ್ಡಿ ಅದೇ ಹೇಳುತ್ತದೆ. ಎರಡು ಲಕ್ಷಕ್ಕೆ ಶೇಕಡಾ 9ರಂತೆ 146 ದಿನಕ್ಕೆ 7,200 ರೂಪಾಯಿ. ಅರ್ಧ ವರ್ಷ ಎಂದು ಯಾರಾದರೂ 9,000 ಹಾಕಿದರೆ, ಸ್ವಾಮಿ, ಈ 1,800 ಯಾವುದು ಎಂದು ಕೇಳಬಹುದು. ಸೊಸೈಟಿಯ ಸೊನ್ನೆ ಬಡ್ಡಿಯ ಬೆಳೆ ಸಾಲಕ್ಕೂ ಗಡುವು ಉಂಟು, ತಪ್ಪಿದರೆ ಬಡ್ಡಿ ಬೀಳುತ್ತದೆ. ಆ ತಾರೀಕನ್ನೂ ಹಾಳೆಯಲ್ಲಿ ಬರೆದಿಟ್ಟಿದ್ದೇವೆ. ಹೊಸತು, ಹಳತು, ಪಟೋರ, ಕರಿಗೋಟು ಎಷ್ಟೆಷ್ಟಕ್ಕೆ ಕೊಟ್ಟೆ ಎಂಬುದಕ್ಕೂ ಒಂದು ಪುಟ. ತೋಟದ ಖರ್ಚಿನ ಎದುರು ಆ ಪುಟ ಇಟ್ಟಾಗ ಇಬ್ಬರು ಮಾತಾಡದೆ ಎದ್ದು ಹೋದರು. ಕಿಲೋ ಒಂದಕ್ಕೆ ತಮಗೆ ಬೀಳುವ ಖರ್ಚು ಎಷ್ಟು ಎಂದು ಅವರು ಜನ್ಮದಲ್ಲಿ ಮೊದಲ ಸಲ ನೋಡಿದ್ದು.

"ಮೊಬೈಲು ಉಂಟಲ್ಲ, ಕಂಪ್ಯೂಟರ್ ಯಾಕೆ?" ಎನ್ನುವವರಿದ್ದಾರೆ. ಮೊಬೈಲಿನಲ್ಲಿ ಬೆಳೆ ಸಮೀಕ್ಷೆ ನೋಡಬಹುದು, ಧಾರಣೆ ನೋಡಬಹುದು, ನಿಜ. ಆರ್‌ಟಿಸಿಯ ಇಡೀ ಹಾಳೆಯನ್ನು ಅಂಗೈಯಗಲದ ಗಾಜಿನಲ್ಲಿ ಓದಿ ನೋಡಿ. 9 ಕಂಡರೆ 11 ಕಾಣುವುದಿಲ್ಲ. ಅರ್ಜಿ ಬರೆಯುವುದು, ದಾಖಲೆಯನ್ನು ಅವರು ಹೇಳಿದ ಗಾತ್ರಕ್ಕೆ ಇಳಿಸಿ ಏರಿಸುವುದು, ಮುದ್ರಿಸಿ ಇಟ್ಟುಕೊಳ್ಳುವುದು ಮೇಜಿನ ಮೇಲಿನ ಕೆಲಸ. ಮಕ್ಕಳು ಮಾಡುತ್ತಾರೆ ಎನ್ನುವವರಿಗೆ ಹೇಳುವುದು ಇಷ್ಟೇ, ಸಾಲಪತ್ರಕ್ಕೆ ಸಹಿ ಹಾಕುವಾಗ ನೀವು ಮಕ್ಕಳನ್ನು ಕೇಳಿದ್ದಿರಾ? ಇನ್ನು ನಮ್ಮೊಳಗೇ ಒಂದು ಒಣ ಪ್ರತಿಷ್ಠೆ ಉಂಟು. ಹತ್ತು ಎಕರೆಯ ಯಜಮಾನ ಪೇಟೆಯ ಹುಡುಗನ ಎದುರು ತಲೆ ಬಗ್ಗಿಸಿ ನಿಂತರೆ ಅದು ಮಾನ, ಊರವರ ನಡುವೆ ಕೂತು ಕಲಿತರೆ ಅಪಮಾನ!

ಹಾಗಾದರೆ ಈಗ ಮಾಡಬೇಕಾದ್ದು ಏನು? ಪಂಚಾಯತು ಗ್ರಂಥಾಲಯಗಳನ್ನು ಅರಿವು ಕೇಂದ್ರ ಎಂದು ಮಾಡಿ ಕಂಪ್ಯೂಟರ್ ಕೊಟ್ಟಿದ್ದಾರೆ. ನಾನು ನೋಡಿದ ಒಂದರಲ್ಲಿ ಅದಕ್ಕೆ ಬಟ್ಟೆ ಹೊದೆಸಿ ಇಟ್ಟಿದ್ದರು. ಗ್ರಾಮಸಭೆಯಲ್ಲಿ ಎದ್ದು ಕೇಳಿ, ವಾರಕ್ಕೆ ಎರಡು ಸಂಜೆ ಕೃಷಿಕರಿಗೆ ಎಂದು ಬರೆಸಿ. ಸೊಸೈಟಿಗಳ ಮಹಾಸಭೆ ಸೆಪ್ಟೆಂಬರಿನೊಳಗೆ ಆಗುತ್ತದೆ. ಲಾಭಾಂಶ ಎಷ್ಟು ಎಂದು ಕೇಳಿ ಊಟ ಮಾಡಿ ಬರುವುದು ಬಿಟ್ಟು ಒಂದು ನಿರ್ಣಯ ಮಂಡಿಸಿ. ಸದಸ್ಯರು ಕೂತು ತಮ್ಮ ಖಾತೆ, ತಮ್ಮ ಆರ್‌ಟಿಸಿ ನೋಡಲಿಕ್ಕೆ ಕೌಂಟರಿನ ಈಚೆ ಬದಿ ಒಂದು ಕಂಪ್ಯೂಟರ್ ಇಡಬೇಕು, ಸಾಲ ತೀರಿದ ದಿನವೇ ಋಣ ತೆರವಿನ ಕಾಗದ ಹೋಗಬೇಕು. ವಯಸ್ಸಿನ ಮಿತಿ ಹಾಕಿದರೆ ಒಪ್ಪಬೇಡಿ.

ನಮ್ಮಲ್ಲಿ ಈ ಆಟಿಯಲ್ಲಿಯೂ ಸಂಜೆ ಐದರಿಂದ ಏಳರವರೆಗೆ ಪಾಠ ಉಂಟು. ಮೊದಲ ದಿನ ಎಲ್ಲರೂ ತಮ್ಮ ಆರ್‌ಟಿಸಿಯನ್ನೇ ತೆರೆಯುವುದು. ಬರುವವರು ಗ್ರಾಮದ ಹೆಸರು, ಸರ್ವೆ ನಂಬ್ರ, ಹಿಸ್ಸಾ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಕನ್ನಡಕ ಮರೆಯಬೇಡಿ.