ಸಾಲದ ಚಪ್ಪರ

'ಬಡವರು ಮದುವೆಗೆ ಯಾಕೆ ಇಷ್ಟೊಂದು ಖರ್ಚು ಮಾಡ್ತಾರೆ?' ಉಳ್ಳವರು ನಮ್ಮನ್ನು ಕೇಳುವ ಪ್ರಶ್ನೆ ಇದು. ತಮ್ಮ ಮಗಳ ಮದುವೆಗೆ ಅರ್ಧ ಊರಿಗೆ ಸೀರಿಯಲ್ ಸೆಟ್ಟು ಕಟ್ಟಿಸಿ, ಜನ ಉಂಡದ್ದಕ್ಕಿಂತ ಹೆಚ್ಚು ಅನ್ನ ಗುಂಡಿಗೆ ಸುರಿಸಿದವರು, ಕೈ ತೊಳೆದುಕೊಂಡು ಬಂದು ನಮಗೆ ಸರಳತೆಯ ಪಾಠ ಹೇಳ್ತಾರೆ. ಅವರಿಗೆ ಉತ್ತರ ಕೊಡುವ ದರ್ದು ನಮಗಿಲ್ಲ. ಆದರೆ ನಮ್ಮ ಹಟ್ಟಿಯ ಅವ್ವಂದಿರ ಜೊತೆ, ಮದುವೆಗೆ ಬಂದು ನಿಂತಿರುವ ಹುಡುಗ ಹುಡುಗಿಯರ ಜೊತೆ ನಾವು ಈ ಮಾತು ಆಡಲೇಬೇಕಾಗಿದೆ.

ಗುಬ್ಬಿ, ಕುಣಿಗಲ್ ಸೀಮೆಯ ದೊಡ್ಡ ಮನೆಗಳ ಮದುವೆಯಲ್ಲಿ ನಮ್ಮ ಹಿರೀಕರ ಜಾಗ ಎಲ್ಲಿತ್ತು? ಚಪ್ಪರಕ್ಕೆ ಗಳ ಹೊತ್ತು ತಂದವರು ನಾವು. ಸೌದೆ ಒಡೆದವರು ನಾವು. ತಮಟೆ ಬಡಿದು ಕೈ ಊದಿಸಿಕೊಂಡವರು ನಾವು. ಊಟ? ಊರೆಲ್ಲ ಉಂಡೆದ್ದ ಮೇಲೆ, ಹಿತ್ತಿಲ ಕಡೆ, ನಾವೇ ತಂದ ಪಾತ್ರೆಗೆ ಮೇಲಿಂದ ಎತ್ತಿ ಸುರಿದದ್ದು. ಇಂಥದ್ದನ್ನು ಕಂಡು ಬೆಳೆದವನು ಇವತ್ತು ತುಮಕೂರಿನ ಬಿ.ಎಚ್. ರಸ್ತೆಯ ಛತ್ರದ ಬಾಗಿಲಲ್ಲಿ ಮಗಳ ಹೆಸರನ್ನು ಹೂವಿನಲ್ಲಿ ಬರೆಸಿ ಎದೆಯುಬ್ಬಿಸಿ ನಿಂತರೆ, ಅದನ್ನು ಬರೀ ಮೌಢ್ಯ, ಬರೀ ಡೌಲು ಅಂತ ಬಿಸಾಕೋದು ಸುಲಭ. ನಾವು ಹಾಗೆ ಬಿಸಾಕಲ್ಲ. 2018ರಲ್ಲಿ ಉತ್ತರ ಪ್ರದೇಶದ ಕಾಸ್‌ಗಂಜ್‌ನಲ್ಲಿ ಒಬ್ಬ ದಲಿತ ಮದುಮಗ ಠಾಕೂರರ ಬೀದಿಯಲ್ಲಿ ಮೆರವಣಿಗೆ ಹೋಗೋದಕ್ಕೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು, ಪೊಲೀಸರ ಕಾವಲಲ್ಲಿ ಹೋಗಬೇಕಾಯಿತು. ಮೆರವಣಿಗೆಯೂ ಒಂದು ಹಕ್ಕೇ.

ಬಾಬಾಸಾಹೇಬರ ಎರಡು ಮದುವೆಗಳನ್ನು ನೋಡಿ. ರಮಾಬಾಯಿಯವರ ಜೊತೆ ಆದದ್ದು ಮುಂಬಯಿಯ ಬೈಕುಲ್ಲಾ ಮಾರುಕಟ್ಟೆಯ ತೆರೆದ ಶೆಡ್ಡಿನಲ್ಲಿ, ವ್ಯಾಪಾರ ಮುಗಿದ ರಾತ್ರಿ. ಕಲ್ಲುಕಟ್ಟೆಗಳೇ ಬೆಂಚು, ಕಾಲಡಿ ಕೊಳಚೆ ನೀರು. ಬೆಳಗಾಗಿ ಮೀನು ಮಾರುವವರು ಬರೋ ಮುಂಚೆ ಜಾಗ ಖಾಲಿ ಮಾಡಬೇಕು. ಎರಡನೆಯದು 1948ರ ಏಪ್ರಿಲ್ 15ರಂದು ದೆಹಲಿಯಲ್ಲಿ, ಅವರು ದೇಶದ ಕಾನೂನು ಮಂತ್ರಿಯಾಗಿದ್ದಾಗ. ಬೆರಳೆಣಿಕೆಯ ಆಪ್ತರ ಮುಂದೆ ರಿಜಿಸ್ಟರ್ ಮದುವೆ. ಎರಡೂ ಸಣ್ಣ ಮದುವೆಗಳೇ. ಆದರೆ ಒಂದು ಜಾತಿ ಮತ್ತು ಬಡತನ ಸೇರಿ ಹೇರಿದ್ದು, ಇನ್ನೊಂದು ತಾವೇ ಆರಿಸಿಕೊಂಡದ್ದು. ನಾವು ಕೇಳ್ತಿರೋದು ಎರಡನೆಯದನ್ನು. ಮೊದಲನೆಯದನ್ನು ಯಾರಾದರೂ ನಮಗೆ ಮತ್ತೆ ಬೋಧಿಸೋಕೆ ಬಂದರೆ ಅವರ ಬಾಯಿ ಮುಚ್ಚಿಸೋದು ನಮಗೆ ಗೊತ್ತು.

ಈಗ ಸಾಲದ ವಿಷಯ. ಜೀತದ ಪುಸ್ತಕದ ಮೊದಲ ಪುಟದಲ್ಲಿ ಇದ್ದದ್ದು ಬಹಳ ಸಲ ಮದುವೆ ಸಾಲವೇ. ಅಪ್ಪ ಮದುವೆಗೆ ಈಸಿಕೊಂಡ ದುಡ್ಡಿಗೆ ಮಗ ಗೌಡರ ಕೊಟ್ಟಿಗೆ ಸೇರುತ್ತಿದ್ದ. 1975ರ ಸುಗ್ರೀವಾಜ್ಞೆ, 1976ರ ಕಾಯ್ದೆ ಜೀತವನ್ನು ರದ್ದು ಮಾಡಿದವು. ಜೀತ ಹೋಯಿತು, ಸಾಲ ಹೋಗಲಿಲ್ಲ. ಗೌಡರ ಜಗಲಿಯಿಂದ ಫೈನಾನ್ಸಿನವರ ಬೈಕಿಗೆ ಬಂತು. ವಾರ ವಾರ ಬಾಗಿಲಿಗೆ ಬಂದು ಹೆಂಗಸರ ಮಾನ ಹರಾಜು ಹಾಕುವ ವಸೂಲಿಯವರ ಕಾಟ ತಡೆಯಲಾರದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಮೇಲೆ, ಪ್ರಾಣ ಬಿಟ್ಟ ಮೇಲೆ, 2025ರ ಫೆಬ್ರವರಿಯಲ್ಲಿ ಸರ್ಕಾರ ಇನ್ನೊಂದು ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು ಅಂತ ಅದರಲ್ಲಿದೆ. ಒಳ್ಳೆಯದೇ. ಆದರೆ ಬಡ್ಡಿಯ ಲೆಕ್ಕವನ್ನು ನಾವೇ ಹಾಕಬೇಕು. ಮೂರು ಲಕ್ಷ ಸಾಲ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 9,000. ವರ್ಷಕ್ಕೆ 1,08,000. ಅಸಲು ಹಾಗೇ ಕೂತಿದೆ! ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯ ಸಂಬಳ ಎರಡು ದಿನ ನಡೆದ ಆರತಕ್ಷತೆಗೆ, ಧಾರೆಗೆ ವರ್ಷಗಟ್ಟಲೆ ದುಡಿಯುತ್ತೆ.

ಇದಕ್ಕಿಂತ ಕೆಟ್ಟದ್ದು ಭೂಮಿ ಹೋಗೋದು. ನಮ್ಮವರಿಗೆ ಮಂಜೂರಾದ ಎಕರೆ, ಎರಡೆಕರೆ ಹೊಲ ಮದುವೆ ಖರ್ಚಿಗೆ ಅಂತ ಬಾಯಿಮಾತಲ್ಲಿ ಭೋಗ್ಯಕ್ಕೆ ಬೀಳುತ್ತೆ, ಬಿದ್ದದ್ದು ಮೇಲೇಳಲ್ಲ. ಮಂಜೂರಾದ ಜಮೀನನ್ನು ಪರಭಾರೆ ಮಾಡಬಾರದು ಅಂತ 1978ರ ಕಾಯ್ದೆ ಇದೆ. ವಾಪಸು ಕೇಳೋದಕ್ಕೆ ಕಾಲಮಿತಿ ಅಡ್ಡ ಬರಬಾರದು ಅಂತ 2023ರಲ್ಲಿ ತಿದ್ದುಪಡಿಯೂ ಆಯಿತು. ಹೋರಾಟ ಮಾಡಿ ಪಡೆದ ಕಾನೂನು ಅದು. ಒಂದು ಕಡೆ ಎ.ಸಿ. ಕಚೇರಿಗೆ ಅಲೆದು ಭೂಮಿ ಬಿಡಿಸಿಕೊಳ್ಳೋದು, ಇನ್ನೊಂದು ಕಡೆ ಬೀಗರೂಟದ ಮರಿಗಳಿಗೆ ಅದನ್ನೇ ಬರೆದುಕೊಡೋದು, ಇದ್ಯಾವ ಲೆಕ್ಕ?

ಮದುವೆ ಖರ್ಚು ಹೆಣ್ಣಿನ ಕಡೆಯವರದ್ದೇ ಅಂತ ನಮಗೆ ಹೇಳಿಕೊಟ್ಟವರು ಯಾರು? ನಮ್ಮ ಅಜ್ಜಿಯರ ಕಾಲದಲ್ಲಿ ಗಂಡಿನ ಕಡೆಯವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ಹೆಣ್ಣಿಗೆ ಬೆಲೆ ಕಟ್ಟುವ ಆ ಪದ್ಧತಿಯನ್ನು ನಾವು ಹೊಗಳಲ್ಲ. ಆದರೆ ದುಡಿಯುವ ಹೆಣ್ಣು ಮನೆಗೆ ಹೊರೆ ಅನ್ನೋ ಮಾತು ನಮ್ಮಲ್ಲಿ ಇರಲಿಲ್ಲ. ಮೇಲ್ಜಾತಿಯವರ ವರದಕ್ಷಿಣೆಯನ್ನು, 1961ರಲ್ಲೇ ಅಪರಾಧ ಅಂತಾದದ್ದನ್ನು, ನಾವು ಓದು ಬರಹದ ಜೊತೆಗೇ ಕಲಿತೆವು. ನೌಕರಿ ಸಿಕ್ಕ ನಮ್ಮ ಹುಡುಗರೇ ಇದರಲ್ಲಿ ಮುಂದು. ಗೋಡೆ ಮೇಲೆ ಅಂಬೇಡ್ಕರ್ ಫೋಟೋ, ಕೈಯಲ್ಲಿ ಚಿನ್ನದ ಪಟ್ಟಿ. ನಾಚಿಕೆಯಾಗಬೇಕು.

ಖರ್ಚು ಉಳಿಸುವ ಇನ್ನೊಂದು ಉಪಾಯವೂ ಇದೆ. ಅಕ್ಕನ ಚಪ್ಪರದಲ್ಲೇ ತಂಗಿಯದನ್ನೂ ಮುಗಿಸಿಬಿಡೋದು. ತಂಗಿ ಇನ್ನೂ ಹತ್ತನೇ ಕ್ಲಾಸು. ಇದು ಉಳಿತಾಯವಲ್ಲ, ಕಳ್ಳತನ. ಕದ್ದದ್ದು ಆ ಮಗುವಿನ ಶಾಲೆಯನ್ನು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಇಂಥ ಬಾಲ್ಯವಿವಾಹ ಕಾನೂನಿನ ಕಣ್ಣಲ್ಲಿ ಮದುವೆಯೇ ಅಲ್ಲ.

ಹಾಗಾದರೆ ಹೇಗೆ ಮಾಡೋದು? ಪುರೋಹಿತರನ್ನು ಬಿಟ್ಟು ಮದುವೆ ಮಾಡಿದರೆ ಊರ್ಜಿತವಲ್ಲ ಅಂತ ಹೆದರಿಸುವವರಿದ್ದಾರೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಓದಿ. ಗಂಡಿನ ಕಡೆಯದೋ ಹೆಣ್ಣಿನ ಕಡೆಯದೋ, ರೂಢಿಯ ಶಾಸ್ತ್ರ ನಡೆದರೆ ಸಾಕು. ಸಪ್ತಪದಿ ರೂಢಿಯಲ್ಲಿದ್ದವರಿಗೆ ಮಾತ್ರ ಸಪ್ತಪದಿ. ಹಟ್ಟಿಯ ಹಿರಿಯರು ಹಸೆಗೆ ಕೂರಿಸಿ, ಅವ್ವಂದಿರು ಸೋಬಾನೆ ಹಾಡಿ, ತಾಳಿ ಕಟ್ಟಿಸುವ ನಮ್ಮ ರೂಢಿಗೆ ಯಾವ ಮಂತ್ರದ ಅಪ್ಪಣೆಯೂ ಬೇಡ. ಆಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. ಆದರೆ ಎಚ್ಚರ, ಶಾಸ್ತ್ರವೇ ನಡೆಯದೆ ಬರೀ ಸರ್ಟಿಫಿಕೇಟು ತಂದರೆ ಅದು ಹಿಂದೂ ಮದುವೆಯಾಗಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಶಾಸ್ತ್ರವೇ ಬೇಡ ಅನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಮೂರು ಜನ ಸಾಕ್ಷಿ, ಮೂವತ್ತು ದಿನದ ನೋಟೀಸು. ಜಾತಿ ಮೀರಿ ಮದುವೆಯಾಗುವ ನಮ್ಮ ಮಕ್ಕಳಿಗೆ ಕಚೇರಿ ಗೋಡೆಯ ಆ ನೋಟೀಸೇ ದೊಣ್ಣೆ ಹಿಡಿದವರಿಗೆ ಕೊಟ್ಟ ವಿಳಾಸ.

ಊಟಕ್ಕೆ ಹಟ್ಟಿಯ ಸಮುದಾಯ ಭವನದ ಬೀಗ ತೆಗೆಸಿ. ದಿನಸಿ ಮಂಡಿಪೇಟೆಯಲ್ಲಿ, ತರಕಾರಿ ಅಂತರಸನಹಳ್ಳಿ ಮಾರ್ಕೆಟ್ಟಿನಲ್ಲಿ. ಹಿಟ್ಟು, ಸಾರು, ಅನ್ನ, ಪಾಯಸ ಉಂಡವರು ಯಾರೂ ಹಸಿದು ಹೋಗಲ್ಲ. ಮುಯ್ಯಿಯನ್ನು ಮದುವೆಯಾದ ಮೇಲೆ ಕವರಿನಲ್ಲಿ ಕೊಡೋ ಬದಲು ಮೊದಲೇ ಅಕ್ಕಿ, ಬೇಳೆ, ಎಣ್ಣೆಯಾಗಿ ಕೊಟ್ಟರೆ ಸಾಲದ ಅರ್ಧ ಅಲ್ಲೇ ಕಳಚುತ್ತೆ. ತಮಟೆಯವರಿಗೆ ಕೂಲಿ ಮುಂಚೆಯೇ ಮಾತಾಡಿ. ಮೊದಲ ಪಂಕ್ತಿ ಅವರದ್ದು.

1873ರ ಡಿಸೆಂಬರ್ 25ರಂದು ಜ್ಯೋತಿಬಾ, ಸಾವಿತ್ರಿಬಾಯಿ ಫುಲೆ ಪುರೋಹಿತನಿಲ್ಲದ ಮೊದಲ ಸತ್ಯಶೋಧಕ ಮದುವೆ ಮಾಡಿಸಿದರು. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರ ಮಾಂಗಲ್ಯದಲ್ಲಿ ನಡೆಸಿದರು. 1967ರಲ್ಲಿ ತಮಿಳುನಾಡು ಪೆರಿಯಾರರ ಸ್ವಾಭಿಮಾನ ಮದುವೆಗೆ ಕಾನೂನಿನ ಮುದ್ರೆಯನ್ನೇ ಒತ್ತಿತು. ಬಂಧುಮಿತ್ರರ ಎದುರು ಒಬ್ಬರನ್ನೊಬ್ಬರು ಒಪ್ಪಿ ಹಾರ ಬದಲಾಯಿಸಿದರೂ ಮದುವೆ ಊರ್ಜಿತ. ಕುವೆಂಪು ಹೆಸರನ್ನು ಭಾಷಣ ಭಾಷಣದಲ್ಲೂ ಜಪಿಸುವ ಕರ್ನಾಟಕ ಇಂಥ ತಿದ್ದುಪಡಿ ಮಾಡಿಲ್ಲ. ನಮ್ಮ ಮದುವೆ ಮನೆಗಳಿಗೆ ಬಂದು, ವಧೂವರರ ನಡುವೆ ನಿಂತು ಫೋಟೋ ತೆಗೆಸಿಕೊಂಡು ಹೋಗುವ ಶಾಸಕರಿದ್ದಾರಲ್ಲ, ತುಮಕೂರಿನವರಿರಲಿ, ಗುಬ್ಬಿ ಕುಣಿಗಲ್ಲಿನವರಿರಲಿ, ಆ ಕಾನೂನು ಯಾವಾಗ ತರ್ತೀರಿ ಸ್ವಾಮಿ ಅಂತ ಅವರನ್ನು ಎಲೆ ಮುಂದೆ ಕೂರಿಸೋ ಮೊದಲೇ ಕೇಳೋಣ.