ಮಳಿಗೆಯ ಮುಂದೆ ನಿಂತಾಗ

ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೃಷಿ ಮೇಳವೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ರೈತರು ಬಿಡುವು ಮಾಡಿಕೊಂಡು ಹೋಗುತ್ತಾರೆ. ತಳಿ ನೋಡುತ್ತಾರೆ, ಯಂತ್ರ ಮುಟ್ಟಿ ಬೆಲೆ ಕೇಳುತ್ತಾರೆ, ಹೋದ ವರ್ಷದ ಬೀಜ ಸರಿಯಾಗಿ ಹುಟ್ಟದಿದ್ದರೆ ಜಗಳವನ್ನೂ ಆಡಿ ಬರುತ್ತಾರೆ. ಅದೇ ಮನೆಯ, ಪದವಿ ಓದುವ ಮಗನೋ ಮಗಳೋ ಹೋದರೆ? ನಾಲ್ಕು ಜನ ಗುಂಪಾಗಿ ಸುತ್ತಿ, ಚೀಲದ ತುಂಬ ಕರಪತ್ರ ತುಂಬಿಕೊಂಡು, ಯಾರೊಡನೆಯೂ ಮಾತಾಡದೆ ಸಂಜೆಯ ಬಸ್ಸು ಹತ್ತುತ್ತಾರೆ. ಉದ್ಯೋಗ ಮೇಳಗಳಲ್ಲೂ ಬಹುಮಟ್ಟಿಗೆ ಇದೇ ಕಥೆ.

ಮಳಿಗೆಯಲ್ಲಿ ಕುಳಿತಿರುವವರು ಯಾರು? ಬೀಜದ ಕಂಪನಿಯ ಕ್ಷೇತ್ರಾಧಿಕಾರಿ, ಬ್ಯಾಂಕಿನ ಸಾಲ ವಿಭಾಗದವರು, ಟ್ರ್ಯಾಕ್ಟರ್ ಕಂಪನಿಯ ಸರ್ವೀಸ್ ಇಂಜಿನಿಯರ್. ಎಲ್ಲಿ ಜನ ಬೇಕಾಗಿದ್ದಾರೆ ಎಂಬ ಸುದ್ದಿ ಜಾಹೀರಾತಿಗೆ ಮುಂಚೆಯೇ ಇಂಥವರ ಕಿವಿಗೆ ಬೀಳುವುದುಂಟು. ಆದರೆ ಹೋದವರೇ "ಕೆಲಸ ಐತೇನ್ರಿ?" ಎಂದು ಕೇಳಿದರೆ "ಬಯೋಡೇಟಾ ಇಟ್ಟು ಹೋಗಿ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಮಸ್ಕಿಯ ಬಿ.ಕಾಂ. ಹುಡುಗಿಯೊಬ್ಬಳು ಹೆಸರು, ಊರು, ಓದು ಹೇಳಿ, "ನೀವು ಈ ಕೆಲಸಕ್ಕ ಸೇರಿದ ಮೊದಲನೇ ವರ್ಷ ಏನೇನು ಮಾಡ್ತಿದ್ರಿ?" ಎಂದು ಕೇಳಿದಳೆನ್ನಿ. ತಮ್ಮ ಕೆಲಸದ ಬಗ್ಗೆ ಹೇಳಿಕೊಳ್ಳಲು ಯಾರಿಗೆ ಬೇಸರ? ಐದು ನಿಮಿಷದಲ್ಲಿ ಸಂಬಳ, ತಿರುಗಾಟ, ಬೇಕಾದ ಓದು ಎಲ್ಲವೂ ತಿಳಿಯುತ್ತದೆ. ಇಂಗ್ಲಿಷ್ ಬಾರದೆಂಬ ಅಳುಕು ಇಲ್ಲಿ ಬೇಡ. ರೈತರೊಡನೆ ದಿನವಿಡೀ ಕನ್ನಡದಲ್ಲೇ ಮಾತಾಡುವವರು ಅವರು.

ಹೆಸರು ಹೇಳುವುದು ಸಣ್ಣ ಸಂಗತಿಯಲ್ಲ. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರಿಗೆ 1915ರಲ್ಲಿ ಮಸ್ಕಿಯ ಬಂಡೆಯ ಮೇಲೊಂದು ಶಾಸನ ಕಂಡಿತು. ಅದುವರೆಗೆ ಸಿಕ್ಕ ಧರ್ಮಲಿಪಿಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. 'ಅಶೋಕ' ಎಂಬ ಹೆಸರನ್ನೇ ಹೇಳಿದ್ದು ಮಸ್ಕಿ. ಆ ಊರಿನ ಮಕ್ಕಳು "ನಾವು ಡಿಗ್ರಿ ಕಾಲೇಜಿನವರು ರೀ" ಎಂದಷ್ಟೇ ಹೇಳಿ ಸರಿದುಬಿಡುವುದು ಚೆನ್ನಲ್ಲ!

ಪಾಲಕರಿಗೂ ಒಂದು ಮಾತು. ಮೇಳಕ್ಕೆ ಹೇಗೂ ಹೋಗುವ ತಂದೆ ಮಗಳನ್ನು ಜೊತೆಗೆ ಕರೆದೊಯ್ಯಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವಳ ಟಿಕೆಟ್ಟಿಗೆ ದುಡ್ಡೂ ಬೇಡ. ಆದರೆ ಮಳಿಗೆಯ ಮುಂದೆ ನಿಂತು "ನಮ್ಮ ಹುಡುಗಿಗೆ ಒಂದು ನೌಕರಿ ನೋಡ್ರೀ ಸಾಹೇಬ್ರ" ಎಂದು ಅಪ್ಪನೇ ಕೈಮುಗಿದರೆ ಹುಡುಗಿಯ ಬಾಯಿ ಅಲ್ಲಿಗೇ ಕಟ್ಟಿತು. ಕಾಳಜಿ ತಪ್ಪಲ್ಲ. ಹತ್ತು ಹೆಜ್ಜೆ ಆಚೆ ನಿಂತು, ಪಂಪ್‌ಸೆಟ್ಟು ನೋಡುತ್ತಲೂ ಕಾಳಜಿ ಮಾಡಬಹುದು. ಅಪ್ಪ ಮುಂದೆ ಬರಬೇಕಾದ ಸಂದರ್ಭವೂ ಒಂದಿದೆ: ಯಾರಾದರೂ "ಡಿಪಾಸಿಟ್ ಕಟ್ಟಿ, ಕೆಲಸ ಖಾಯಂ" ಎಂದರೆ, ಅಥವಾ ಮೂಲ ಅಂಕಪಟ್ಟಿ ಬಿಟ್ಟುಹೋಗಿ ಎಂದರೆ. ಝೆರಾಕ್ಸ್ ಪ್ರತಿ ಸಾಕು. ಹಣ ಕೇಳುವ ಮಳಿಗೆಯಲ್ಲಿ ನಿಲ್ಲಲೇಬಾರದು.

ಎಲ್ಲದಕ್ಕೂ ರಾಯಚೂರಿಗೇ ಓಡಬೇಕೆಂದೂ ಇಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಮಾತ್ರ ಇಂದಿಗೂ ಅದಿರು ಮೇಲೆ ಬರುತ್ತಿದೆ. ಅಲ್ಲಿ ದುಡಿದು ನಿವೃತ್ತರಾದ ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳು ಸುತ್ತಲಿನ ಊರುಗಳಲ್ಲೇ ಸಿಗುತ್ತಾರೆ. ಅಪ್ರೆಂಟಿಸ್ ತರಬೇತಿ ಎಂದರೇನು ಎಂದು ಐ.ಟಿ.ಐ. ಹುಡುಗರು ಅವರನ್ನು ಕೇಳಿದ್ದುಂಟೆ? ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಅದರ ಭತ್ತ, ಭತ್ತದ ಬೆನ್ನಿಗೆ ಸಿಂಧನೂರಿನ ರೈಸ್‌ಮಿಲ್ಲುಗಳು. ಅಲ್ಲಿ ಲೆಕ್ಕ ಬರೆಯುವವರ ಪಕ್ಕ ಒಂದು ವಾರ ಕುಳಿತ ವಾಣಿಜ್ಯದ ವಿದ್ಯಾರ್ಥಿಗೆ ಜಿ.ಎಸ್.ಟಿ. ಪಾಠ ಬೇರೆಯೇ ಬಗೆಯಲ್ಲಿ ಅರ್ಥವಾದೀತು.

ಮೇಳದ ಮರುದಿನದ ಕೆಲಸವನ್ನೇ ಹೆಚ್ಚಿನವರು ಮರೆಯುವುದು. ಸಿಕ್ಕ ವಿಸಿಟಿಂಗ್ ಕಾರ್ಡಿನ ಹಿಂದೆ ದಿನಾಂಕ ಮತ್ತು ಆಡಿದ ಮಾತು ಬಸ್ಸಿನಲ್ಲೇ ಗೀಚಿಕೊಂಡಿರಬೇಕು. ಎರಡು ದಿನದೊಳಗೆ ನಾಲ್ಕು ಸಾಲಿನ ಸಂದೇಶ: ತಾನು ಯಾರು, ಎಲ್ಲಿ ಭೇಟಿಯಾಗಿದ್ದು, ಅವರು ಹೇಳಿದ ಯಾವ ಮಾತು ಉಪಯೋಗವಾಯಿತು, ಮುಂದೆ ಕೇಳಬೇಕಾದ ಒಂದೇ ಪ್ರಶ್ನೆ. ಬರಿಯ 'ಹಾಯ್', 'ಗುಡ್ ಮಾರ್ನಿಂಗ್' ಹೂವಿನ ಚಿತ್ರ ಬೇಡ. ಉತ್ತರ ಬಾರದಿದ್ದರೆ ವಾರ ಬಿಟ್ಟು ಇನ್ನೊಮ್ಮೆ ಬರೆಯಬಹುದು. ಮೂರನೆಯ ಸಲ ಬೇಡ. ಅಷ್ಟರಲ್ಲಿ ಇನ್ನೊಂದು ಮೇಳ ಬಂದಿರುತ್ತದೆ.