ಉನ್ನತ ಜೈವಿಕ ಸುರಕ್ಷತಾ ಪ್ರಯೋಗಾಲಯಗಳಿಗೆ ರಕ್ಷಣಾ ಉಡುಪುಗಳ ಖರೀದಿ: ಒಂದು ವಿಶ್ಲೇಷಣೆ

ಪ್ರಸ್ತಾವನೆ

ಅಪಾಯಕಾರಿ ರೋಗಾಣುಗಳ ಅಧ್ಯಯನಕ್ಕೆ ಬಳಸುವ ಪ್ರಯೋಗಾಲಯಗಳನ್ನು ಜೈವಿಕ ಸುರಕ್ಷತೆಯ ದೃಷ್ಟಿಯಿಂದ ನಾಲ್ಕು ಹಂತಗಳಾಗಿ ವಿಂಗಡಿಸಲಾಗಿದೆ. ನಾಲ್ಕನೇ ಹಂತದ (ಬಿಎಸ್‌ಎಲ್-4) ಪ್ರಯೋಗಾಲಯದಲ್ಲಿ ಎಬೋಲಾ, ನಿಪಾ ಮುಂತಾದ ಮಾರಕ ವೈರಾಣುಗಳನ್ನು ನಿರ್ವಹಿಸಲಾಗುತ್ತದೆ. ಭಾರತದಲ್ಲಿ ಈ ಹಂತದ ಪ್ರಯೋಗಾಲಯವು ಪುಣೆಯ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯಲ್ಲಿ 2012ರಲ್ಲಿ ಉದ್ಘಾಟನೆಗೊಂಡಿತು. 2018ರ ಮೇ ತಿಂಗಳಿನಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನಿಪಾ ಸೋಂಕಿನ ಮಾದರಿಗಳು ಇಲ್ಲಿಯೇ ದೃಢಪಟ್ಟವು. 2021-22ನೇ ಸಾಲಿನ ಕೇಂದ್ರ ಆಯವ್ಯಯದಲ್ಲಿ 9 ಮೂರನೇ ಹಂತದ ಪ್ರಯೋಗಾಲಯಗಳು ಹಾಗೂ 4 ಪ್ರಾದೇಶಿಕ ವೈರಾಣು ವಿಜ್ಞಾನ ಸಂಸ್ಥೆಗಳ ಸ್ಥಾಪನೆಯನ್ನು ಘೋಷಿಸಲಾಯಿತು. ಇಂತಹ ಸಂಸ್ಥೆಗಳು ಹೆಚ್ಚಿದಂತೆ, ಅಲ್ಲಿ ದುಡಿಯುವವರ ಉಡುಪನ್ನು ಹೇಗೆ ಖರೀದಿಸಬೇಕು ಎಂಬ ಪ್ರಶ್ನೆ ಮಹತ್ವ ಪಡೆದಿದೆ. ಸರಬರಾಜುದಾರರು, ಪ್ರಯೋಗಾಲಯ ಸ್ಥಾಪನೆಗೆ ಅರ್ಜಿ ಸಲ್ಲಿಸುವ ಸಂಸ್ಥೆಗಳು ಮತ್ತು ಸಾರ್ವಜನಿಕರ ಅನುಕೂಲಕ್ಕಾಗಿ ಈ ವಿಶ್ಲೇಷಣೆಯನ್ನು ನೀಡಲಾಗಿದೆ.

ಕರ್ನಾಟಕಕ್ಕೆ ಇರುವ ಸಂಬಂಧ

ಕ್ಯಾಸನೂರು ಅರಣ್ಯ ಕಾಯಿಲೆ, ಅಂದರೆ ಮಂಗನ ಕಾಯಿಲೆಯು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಮೊದಲಿಗೆ ಪತ್ತೆಯಾಯಿತು. ಉಣುಗುಗಳ ಮೂಲಕ ಹರಡುವ ಈ ವೈರಾಣುವಿನ ಅಧ್ಯಯನದಲ್ಲಿ ತೊಡಗಿದ್ದ ಪ್ರಯೋಗಾಲಯ ಸಿಬ್ಬಂದಿಗೂ ಸೋಂಕು ತಗುಲಿದ ದಾಖಲೆಗಳಿವೆ. ಅಮೆರಿಕವು ಇದನ್ನು ನಾಲ್ಕನೇ ಹಂತದ ರೋಗಾಣುಗಳ ಸಾಲಿಗೆ ಸೇರಿಸಿದೆ. ಆದುದರಿಂದ ಉಡುಪಿನ ಗುಣಮಟ್ಟವು ಮಲೆನಾಡಿನ ಜನರ ಆರೋಗ್ಯಕ್ಕಾಗಿ ಕೆಲಸ ಮಾಡುವವರ ಜೀವರಕ್ಷಣೆಯ ವಿಷಯವೂ ಆಗಿದೆ.

ಎರಡು ಬಗೆಯ ಉಡುಪುಗಳು

ಖರೀದಿಯಲ್ಲಿ ಉಂಟಾಗುವ ಗೊಂದಲಗಳಿಗೆ ಮುಖ್ಯ ಕಾರಣವೆಂದರೆ ಎರಡು ಭಿನ್ನ ವಸ್ತುಗಳನ್ನು ಒಂದೇ ಹೆಸರಿನಿಂದ ಕರೆಯುವುದು.

1. ಕವರ್‌ಆಲ್: ಒಮ್ಮೆ ಬಳಸಿ ವಿಲೇವಾರಿ ಮಾಡುವ ಮೇಲುಡುಪು. ಬಟ್ಟೆ ಮತ್ತು ಹೊಲಿಗೆಯ ಮೂಲಕ ದ್ರವ ಒಳಸೇರದಂತೆ ತಡೆಯುವುದು ಇದರ ಕೆಲಸ. ಉಸಿರಾಟದ ರಕ್ಷಣೆಗೆ ಮುಖಗವಸು ಅಥವಾ ಶ್ವಾಸರಕ್ಷಕ ಸಾಧನವನ್ನು ಪ್ರತ್ಯೇಕವಾಗಿ ಧರಿಸಬೇಕಾಗುತ್ತದೆ.

2. ಧನಾತ್ಮಕ ಒತ್ತಡದ ಉಡುಪು: ತಲೆಯಿಂದ ಪಾದದವರೆಗೆ ಒಂದೇ ತುಂಡಾಗಿದ್ದು, ಹಲವು ಬಾರಿ ಬಳಸಬಹುದಾದದ್ದು. ಪ್ರಯೋಗಾಲಯದ ಛಾವಣಿಯಿಂದ ಇಳಿಬಿಟ್ಟ ಕೊಳವೆಯ ಮೂಲಕ ಶೋಧಿಸಿದ ಗಾಳಿಯನ್ನು ಇದಕ್ಕೆ ಪೂರೈಸಲಾಗುತ್ತದೆ. ಒಳಗಿನ ಒತ್ತಡ ಹೊರಗಿಗಿಂತ ಹೆಚ್ಚಿರುವುದರಿಂದ, ಸಣ್ಣ ರಂಧ್ರವಾದರೂ ಗಾಳಿ ಹೊರಕ್ಕೆ ಹರಿಯುತ್ತದೆಯೇ ಹೊರತು ರೋಗಾಣು ಸುಲಭವಾಗಿ ಒಳಬರಲಾರದು. ಹೊರಬರುವಾಗ ಉಡುಪಿನ ಸಹಿತ ರಾಸಾಯನಿಕ ಸ್ನಾನ ಕಡ್ಡಾಯ.

ಸಾಮಾನ್ಯವಾಗಿ ಮೊದಲನೆಯದು ಮೂರನೇ ಹಂತದವರೆಗಿನ ಕೆಲಸಕ್ಕೆ ಸಲ್ಲುತ್ತದೆ. ಉಡುಪು ಆಧಾರಿತ ನಾಲ್ಕನೇ ಹಂತದ ಪ್ರಯೋಗಾಲಯಕ್ಕೆ ಎರಡನೆಯದೇ ಬೇಕು.

2020ರ ಅನುಭವ

ಕೋವಿಡ್-19ರ ಆರಂಭದಲ್ಲಿ ದೇಶದಲ್ಲಿ ಇಂತಹ ಕವರ್‌ಆಲ್‌ಗಳ ಉತ್ಪಾದನೆ ನಗಣ್ಯವಾಗಿತ್ತು. 2020ರ ಏಪ್ರಿಲ್ ಅಂತ್ಯದ ವೇಳೆಗೆ ದಿನವೊಂದಕ್ಕೆ 1 ಲಕ್ಷಕ್ಕೂ ಹೆಚ್ಚು ಕವರ್‌ಆಲ್‌ಗಳು ತಯಾರಾಗತೊಡಗಿದವು. ಅದರಲ್ಲಿ ಸುಮಾರು ಅರ್ಧದಷ್ಟು ಬೆಂಗಳೂರಿನ ಸಿದ್ಧ ಉಡುಪು ಘಟಕಗಳದ್ದಾಗಿತ್ತು. ಹೊಲಿಗೆಯನ್ನು ಮುಚ್ಚುವ ಪಟ್ಟಿಯ ಕೊರತೆ ಉಂಟಾದಾಗ, ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯು ಜಲಾಂತರ್ಗಾಮಿಗಳಲ್ಲಿ ಬಳಸುವ ಅಂಟು ಪದಾರ್ಥವನ್ನು ಆಧರಿಸಿ ಪರ್ಯಾಯವೊಂದನ್ನು ರೂಪಿಸಿತು. ಕೊಯಮತ್ತೂರಿನ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘವು ಕೃತಕ ರಕ್ತ ಬಳಸಿ ಮಾದರಿಗಳನ್ನು ಪರೀಕ್ಷಿಸಿತು. ಅದೇ ವರ್ಷ ಭಾರತೀಯ ಮಾನಕ ಬ್ಯೂರೋ ಐಎಸ್ 17423 ಮಾನಕವನ್ನು ಪ್ರಕಟಿಸಿತು.

ಈ ಸಾಧನೆ ಗಣನೀಯವಾದುದು. ಆದರೆ ಇದು ಕವರ್‌ಆಲ್‌ಗಳಿಗೆ ಸಂಬಂಧಿಸಿದ್ದು. ಕೃತಕ ರಕ್ತದ ಪರೀಕ್ಷೆಯಲ್ಲಿ ತೇರ್ಗಡೆಯಾದ ಪ್ರಮಾಣಪತ್ರವು ಗಾಳಿ ಪೂರೈಕೆ, ಕವಾಟ ಅಥವಾ ಒಳ ಒತ್ತಡದ ಬಗ್ಗೆ ಏನನ್ನೂ ಹೇಳುವುದಿಲ್ಲ. ಧನಾತ್ಮಕ ಒತ್ತಡದ ಉಡುಪುಗಳನ್ನು ಜಗತ್ತಿನಲ್ಲಿ ಕೆಲವೇ ಕಂಪನಿಗಳು ತಯಾರಿಸುತ್ತಿವೆ.

ಖರೀದಿ ನಿಯಮಗಳ ಸ್ಥಿತಿ

ಕೇಂದ್ರ ಸಂಸ್ಥೆಗಳು ಸಾಮಾನ್ಯ ಹಣಕಾಸು ನಿಯಮಗಳು, 2017ರಂತೆ ಹಾಗೂ ರಾಜ್ಯದ ಸಂಸ್ಥೆಗಳು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರಂತೆ ಖರೀದಿ ನಡೆಸತಕ್ಕದ್ದು. 2020ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು 200 ಕೋಟಿ ರೂಪಾಯಿವರೆಗಿನ ಖರೀದಿಗೆ ಜಾಗತಿಕ ಟೆಂಡರ್ ಕರೆಯುವುದನ್ನು ನಿರ್ಬಂಧಿಸಿತು. ದೇಶೀಯ ಉದ್ದಿಮೆಗೆ ಇದರಿಂದ ಉತ್ತೇಜನ ದೊರೆತರೂ, ದೇಶದಲ್ಲಿ ಲಭ್ಯವಿಲ್ಲದ ಸಾಧನಗಳಿಗಾಗಿ ಸಂಶೋಧನಾ ಸಂಸ್ಥೆಗಳು ವಿಶೇಷ ಅನುಮತಿಗೆ ಕಾಯಬೇಕಾಯಿತು. 2025ರ ಜೂನ್ ತಿಂಗಳಿನಲ್ಲಿ ವೈಜ್ಞಾನಿಕ ಸಂಸ್ಥೆಗಳ ಮುಖ್ಯಸ್ಥರಿಗೆ ಸಂಶೋಧನಾ ಉದ್ದೇಶದ ಇಂತಹ ಟೆಂಡರ್‌ಗಳಿಗೆ ಅನುಮೋದನೆ ನೀಡುವ ಅಧಿಕಾರವನ್ನು ವಹಿಸಲಾಯಿತು.

ವಿಳಂಬ ಕಡಿಮೆಯಾದರೂ ಮೂಲ ಸಮಸ್ಯೆ ಉಳಿದಿದೆ. ತಾಂತ್ರಿಕ ಬಿಡ್‌ನಲ್ಲಿ ಅರ್ಹರಾದವರ ಪೈಕಿ ಕನಿಷ್ಠ ದರ ನಮೂದಿಸಿದವರಿಗೆ ಆದೇಶ ದೊರೆಯುವುದು ವಾಡಿಕೆ. ಬೇಡಿಕೆ ಪತ್ರದಲ್ಲಿ ಬರೆಯದೇ ಬಿಟ್ಟ ಗುಣವನ್ನು ಕನಿಷ್ಠ ದರದ ಸರಬರಾಜುದಾರನಿಂದ ಆಮೇಲೆ ಕೇಳಲು ಬರುವುದಿಲ್ಲ. ಆದ್ದರಿಂದ ಸುರಕ್ಷತೆಯು ತಾಂತ್ರಿಕ ವಿವರಣೆಯಲ್ಲಿಯೇ ಸೇರಿರಬೇಕು.

ತಾಂತ್ರಿಕ ವಿವರಣೆಯಲ್ಲಿ ಇರಬೇಕಾದ ಅಂಶಗಳು

* ಉಡುಪಿನ ಬಗೆ ಹಾಗೂ ಅನ್ವಯವಾಗುವ ಮಾನಕ.
* ಗಾಳಿ ಕೊಳವೆಯ ಜೋಡಣೆಯು ಪ್ರಯೋಗಾಲಯದಲ್ಲಿ ಈಗಾಗಲೇ ಇರುವ ವ್ಯವಸ್ಥೆಗೆ ಹೊಂದುವುದು.
* ರಾಸಾಯನಿಕ ಸ್ನಾನದಲ್ಲಿ ಬಳಸುವ ಸೋಂಕು ನಿವಾರಕವನ್ನು ಬಟ್ಟೆ, ಝಿಪ್ ಮತ್ತು ಮುಖದ ಪಾರದರ್ಶಕ ಫಲಕ ತಾಳಿಕೊಳ್ಳುವ ಬಗ್ಗೆ ಪುರಾವೆ.
* ಸಿಬ್ಬಂದಿಯ ಅಳತೆಗೆ ತಕ್ಕ ಗಾತ್ರಗಳು. ಸಡಿಲ ಉಡುಪು ಕೈ ಚಲನೆಗೆ ಅಡ್ಡಿಯಾಗುತ್ತದೆ. ಬಿಗಿಯಾದದ್ದು ಹೊಲಿಗೆಯಲ್ಲಿ ಹರಿಯುತ್ತದೆ.
* ಕೈಗವಸು, ಕವಾಟ ಮುಂತಾದ ಬಿಡಿಭಾಗಗಳ ಪೂರೈಕೆ, ಒತ್ತಡ ಪರೀಕ್ಷಾ ಉಪಕರಣ ಮತ್ತು ಸಿಬ್ಬಂದಿಗೆ ತರಬೇತಿ.

ಇವುಗಳಲ್ಲಿ ಕೊನೆಯ ಅಂಶವನ್ನು ಕಡೆಗಣಿಸುವ ಸಾಧ್ಯತೆ ಹೆಚ್ಚು. ಕೈಗವಸುಗಳು ಉಡುಪಿಗಿಂತ ಬೇಗ ಸವೆಯುತ್ತವೆ. ಅವು ಸಕಾಲದಲ್ಲಿ ದೊರೆಯದಿದ್ದರೆ ದುಬಾರಿ ಉಡುಪು ಕಪಾಟಿನಲ್ಲಿಯೇ ಉಳಿಯುತ್ತದೆ, ಇಲ್ಲವೇ ಸವೆದ ಕೈಗವಸಿನೊಂದಿಗೆ ಕೆಲಸ ಮಾಡುವ ಒತ್ತಡ ಉಂಟಾಗುತ್ತದೆ.

ಉಡುಪಿನ ಮಿತಿ

2004ರಲ್ಲಿ ರಷ್ಯಾದ ಪ್ರಯೋಗಾಲಯವೊಂದರಲ್ಲಿ ಎಬೋಲಾ ವೈರಾಣುವಿದ್ದ ಸೂಜಿ ಚುಚ್ಚಿ ಸಿಬ್ಬಂದಿಯೊಬ್ಬರು ಮೃತಪಟ್ಟರು. 2009ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸೂಜಿಯು ಕೈಗವಸುಗಳನ್ನು ದಾಟಿ ವಿಜ್ಞಾನಿಯೊಬ್ಬರಿಗೆ ಚುಚ್ಚಿತು, ಅವರು ಬದುಕುಳಿದರು. ಯಾವ ಉಡುಪೂ ಸೂಜಿಯನ್ನು ತಡೆಯಲಾರದು. ತರಬೇತಿ ಮತ್ತು ಶಿಸ್ತಿನ ಕಾರ್ಯವಿಧಾನಕ್ಕೆ ಉಡುಪು ಪರ್ಯಾಯವಲ್ಲ ಎಂಬುದನ್ನು ಖರೀದಿದಾರರು ಮನಗಾಣಬೇಕು.

ಅರ್ಜಿದಾರರ ಗಮನಕ್ಕೆ

ಸರಬರಾಜುದಾರರು ತಮ್ಮ ಪರೀಕ್ಷಾ ಪ್ರಮಾಣಪತ್ರವು ಯಾವ ಬಗೆಯ ಉಡುಪಿಗೆ ಸಂಬಂಧಿಸಿದ್ದೆಂಬುದನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಮೂರನೇ ಹಂತದ ಪ್ರಯೋಗಾಲಯ ಸ್ಥಾಪಿಸುವ ಸಂಸ್ಥೆಗಳು ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಗಳನ್ನು ಪರಿಶೀಲಿಸುವುದು. ಟೆಂಡರ್ ಕುರಿತ ಮಾಹಿತಿಯನ್ನು ಸಾರ್ವಜನಿಕರು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಬಹುದು; ವಾಣಿಜ್ಯ ಗೋಪ್ಯತೆಗೆ ಒಳಪಟ್ಟ ವಿವರಗಳಿಗೆ ಅದೇ ಅಧಿನಿಯಮದ ವಿನಾಯಿತಿಗಳು ಅನ್ವಯಿಸುತ್ತವೆ.